ಅಡವಿ ಅನ್ನೋರು ಇಲ್ಲಿಲ್ಲ

ಹೊಸಮನಿ ಖಾನಾವಳಿ,
ಬಿಟಿಎಂ ಲೇಔಟ್, ಬೆಂಗಳೂರು
೧೨ ಜನವರಿ ೨೦೨೫

ಅನ್ನಪೂರ್ಣಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಬೈಗುಳ.

ನಿನ್ನ ಕಾಗದ ಮೊನ್ನೆ ಬಂತು. ರೊಟ್ಟಿ ಬಡಿಯುವ ಹೊತ್ತು. ಹಿಟ್ಟಿನ ಕೈಯಲ್ಲೇ ಒಡೆದು ಓದಿದೆ. 'ಅತ್ತಿ, ಮಾರ್ಚಿನಲ್ಲಿ ಮದುವೆಯಾಗುತ್ತಿದ್ದೇನೆ. ಅವನ ಹೆಸರು ಡ್ಯಾನಿ ಶಾ. ಇಲ್ಲಿಯೇ ಹುಟ್ಟಿ ಬೆಳೆದವನು, ಶಾಲೆಯಲ್ಲಿ ಮೇಷ್ಟ್ರು. ಮದುವೆಯಾದ ಮೇಲೆ ನಾನು ಅನ್ನಪೂರ್ಣ ಶಾ ಆಗುತ್ತೇನೆ.' ಇಷ್ಟೇ. ಅಪ್ಪ ಅವ್ವ ಹೋದ ಮೇಲೆ ನಿನ್ನನ್ನು ಊರಿಂದ ಕರೆತಂದು, ಈ ಖಾನಾವಳಿಯ ಅಟ್ಟದ ಮೇಲೆ ಮಲಗಿಸಿ, ನರ್ಸಿಂಗ್ ಓದಿಸಿದ ಸೋದರತ್ತಿಗೆ ಇಷ್ಟೇ.

ಫೋನಿನಲ್ಲಿ ಹೇಳುವ ಧೈರ್ಯ ನಿನಗೆ ಇರಲಿಲ್ಲ, ಅದಕ್ಕೆ ಕಾಗದ. ಸರಿ, ನಾನೂ ಕಾಗದದಲ್ಲೇ ಬೈಯುತ್ತೇನೆ. ಫೋನಿನಲ್ಲಿ ಬೈದರೆ ಗಾಳಿಗೆ ಹೋಗುತ್ತದೆ. ಕಾಗದದಲ್ಲಾದರೆ ನೀನು ಎರಡು ಸಲ ಓದಬೇಕಾಗುತ್ತದೆ. ಫೋನ್ ಮಾಡಬೇಡ, ಎತ್ತುವುದಿಲ್ಲ.

ಮದುವೆ ಆಗು. ಬೇಡ ಎನ್ನಲು ನನಗೆ ಹುಚ್ಚು ಹಿಡಿದಿಲ್ಲ. ಜಾತಿ ಬೇರೆ, ಅದಕ್ಕೂ ಬೈಯುವುದಿದೆ, ಇನ್ನೊಂದು ದಿನ ಬೈಯುತ್ತೇನೆ. ನನ್ನ ಹೊಟ್ಟೆ ಉರಿದದ್ದು ಆ ಕೊನೆಯ ಸಾಲಿಗೆ. ನನ್ನ ಅಣ್ಣ ಜಯದೇವಪ್ಪನಿಗೆ ನೀನೊಬ್ಬಳೇ ಮಗಳು. ನಮ್ಮ ಮನೆತನದಲ್ಲಿ ಅಡವಿ ಎನ್ನುವ ಅಡ್ಡಹೆಸರು ಉಳಿದಿರುವುದು ನಿನ್ನೊಬ್ಬಳ ತಲೆಯ ಮೇಲೆ. ಅದನ್ನು ಚಪ್ಪಲಿ ಬಿಟ್ಟ ಹಾಗೆ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗುತ್ತೀಯಾ?

ಶಾ ಎಂದರೆ ಯಾರು ಎಂದು ನನಗೆ ಗೊತ್ತಿಲ್ಲವೇ? ಜಯನಗರ ನಾಲ್ಕನೇ ಬ್ಲಾಕಿನಲ್ಲಿ ನಾನು ಸ್ಟೀಲ್ ಪಾತ್ರೆ ತರುವ ಅಂಗಡಿಯವರೇ ಶಾ. ಗುಜರಾತದವರು. ಅವರ ಹತ್ತಿರ ಹೋಗಿ ಕೇಳಿದೆ.

"ಏನ್ರಿ ಶಾ ಅವರ, ಇಂಗ್ಲೆಂಡಿನಾಗ ದಾನಿ ಶಾ ಅನ್ನೋ ಮಾಸ್ತರ ಯಾರರ ಗೊತ್ತೇನ್ರಿ?"

"ದಾನಿ ಅಂತ ನಮ್ಮಲ್ಲಿ ಹೆಸರು ಕಡಿಮೆ ಅಮ್ಮ. ಧನಸುಖ್ ಇರ್ಬೇಕು, ಕರೆಯೋಕೆ ದಾನಿ. ಯಾವೂರು?"

"ಶೆಫೀಲ್ಡ್ ಅಂತರಿ."

"ನಮ್ಮವರು ಇಲ್ಲದ ಊರಿಲ್ಲ. ನಮ್ಮ ಭಾವ ಲೆಸ್ಟರ್‌ನಲ್ಲಿದ್ದಾರೆ, ವಿಚಾರಿಸ್ತೀನಿ. ಒಳ್ಳೆ ಸುದ್ದಿ ಅಮ್ಮ, ಬೀಗರಾದ್ವಿ!" ಎಂದು ಚಹಾ ತರಿಸಿದರು. ನಾನು ಕುಡಿಯಲಿಲ್ಲ.

ಈಗ ನನಗೆ ಒಂದಕ್ಕೆ ಉತ್ತರ ಬರೆ. ಹೆಸರು ಬಿಡು ಎಂದವರು ಯಾರು? ಅವನೋ, ಅವನ ತಾಯಿಯೋ?

ನಿನ್ನ ಅತ್ತಿ,
ಪಾರವ್ವ ಹೊಸಮನಿ


ಶೆಫೀಲ್ಡ್
೬ ಫೆಬ್ರವರಿ ೨೦೨೫

ಅತ್ತಿ,

ಎರಡಲ್ಲ, ನಾಲ್ಕು ಸಲ ಓದಿದೆ. ಕಾಗದದ ಮಡಿಕೆಯಲ್ಲಿ ಜೋಳದ ಹಿಟ್ಟು ಇತ್ತು. ಅದನ್ನು ಒರೆಸಲಿಲ್ಲ.

ಶಾ ಅವರ ಅಂಗಡಿಯಲ್ಲಿ ದಯವಿಟ್ಟು ವಿಚಾರಿಸಬೇಡ. ಅವರ ಭಾವನಿಗೆ ಡ್ಯಾನಿ ಗೊತ್ತಿರುವ ಸಾಧ್ಯತೆ ಇಲ್ಲ. ಅವನ ಮನೆಯವರು ಬೇರೆ ಶಾ ಜನರ ಜೊತೆ ಅಷ್ಟು ಬಳಕೆ ಇಟ್ಟುಕೊಂಡವರಲ್ಲ. ಅವನು ತುಂಬಾ ಮೆದು ಮನುಷ್ಯ. ಮಾಂಸ ತಿನ್ನುವುದನ್ನು ನನಗಿಂತ ಮೊದಲೇ ಬಿಟ್ಟಿದ್ದಾನೆ. ನಾನು ಇಲ್ಲಿಗೆ ಬಂದು ಶುರು ಮಾಡಿ, ಆಮೇಲೆ ಬಿಟ್ಟೆ, ಅದಕ್ಕೂ ಇನ್ನೊಂದು ದಿನ ಬೈಯಿ. ಹೋದ ವಾರ ಅವನಿಗೆ ರೊಟ್ಟಿ ಬಡಿದು ಕೊಟ್ಟೆ. ಇಲ್ಲಿಯ ಹಿಟ್ಟಿಗೆ ಜಿಗುಟು ಇಲ್ಲ, ನಾಲ್ಕು ತುಂಡಾಯಿತು. ನಾಲ್ಕನ್ನೂ ತಿಂದ.

ಹೆಸರಿನ ವಿಷಯ ಕೇಳಿದ್ದೀಯ. ಇಲ್ಲಿಯ ರೂಢಿ ಹಾಗೆಯೇ ಇದೆ ಅತ್ತಿ. ಮದುವೆಯಾದ ಹೆಂಗಸರು ಗಂಡನ ಅಡ್ಡಹೆಸರು ಇಟ್ಟುಕೊಳ್ಳುತ್ತಾರೆ. ನಮ್ಮ ಕಡೆಯೂ ಅಷ್ಟೇ ತಾನೇ. ಅದಕ್ಕೆ ಇಷ್ಟು ದೊಡ್ಡ ಜಗಳ ಬೇಡ.

ಫೋನ್ ಎತ್ತು. ನಿನ್ನ ಮಂಡಿ ನೋವು ಹೇಗಿದೆ? ಲಕ್ಕವ್ವ ಕೆಲಸಕ್ಕೆ ಸರಿಯಾಗಿ ಬರುತ್ತಾಳಾ?

ನಿನ್ನ,
ಅನ್ನಪೂರ್ಣ


ಹೊಸಮನಿ ಖಾನಾವಳಿ
೨ ಮಾರ್ಚ್ ೨೦೨೫

ಅನ್ನಪೂರ್ಣಾ,

ಮಂಡಿ ನೋವು ಇದೆ. ಲಕ್ಕವ್ವ ಬರುತ್ತಾಳೆ. ಪಲ್ಯಕ್ಕೆ ಎಣ್ಣೆ ಸುರಿಯುತ್ತಾಳೆ, ಬೈಸಿಕೊಳ್ಳುತ್ತಾಳೆ. ಇನ್ನು ನಿನ್ನ ಸರದಿ.

ಶಾ ಅವರು ನಿನ್ನೆ ಖುದ್ದು ಇಲ್ಲಿಗೆ ಬಂದಿದ್ದರು. ಅವರ ಭಾವ ನಾಲ್ಕು ಕಡೆ ಕೇಳಿಸಿದರಂತೆ. ಶೆಫೀಲ್ಡಿನ ಶಾಲೆಯಲ್ಲಿ ಮೇಷ್ಟ್ರಾಗಿರುವ, ದಾನಿಯೋ ಧನಸುಖನೋ ಎನ್ನುವ ಶಾ ಯಾರೂ ಇಲ್ಲವಂತೆ. ಅವರ ಸಮಾಜದಲ್ಲಿ ಯಾರೂ ಅವನನ್ನು ನೋಡಿಲ್ಲವಂತೆ. "ಅಮ್ಮ, ಬೇಜಾರ್ ಮಾಡ್ಕೋಬೇಡಿ. ಯಾರೋ ನಮ್ಮ ಹೆಸರು ಹೇಳ್ಕೊಂಡು ಹುಡುಗಿಗೆ ಟೋಪಿ ಹಾಕ್ತಿರಬಹುದು. ಸ್ವಲ್ಪ ಹುಷಾರು" ಎಂದು ಹೇಳಿ, ಜೊತೆಗೆ ಕಡಲೆಹಿಟ್ಟಿನ ಮಿಠಾಯಿ ಡಬ್ಬಿ ಇಟ್ಟು ಹೋದರು. ಕೆಟ್ಟ ಸುದ್ದಿ ತಂದವರು ಮಿಠಾಯಿ ತಂದದ್ದು ನಾನು ಇದೇ ಮೊದಲು ನೋಡಿದ್ದು.

ಆಗಿನಿಂದ ನನ್ನ ಕೈಯಲ್ಲಿ ರೊಟ್ಟಿ ದುಂಡಗೆ ಬರುತ್ತಿಲ್ಲ. ಹೆಸರೇ ಸುಳ್ಳಾದವನು ಇನ್ನೇನು ನಿಜ ಹೇಳಿರುತ್ತಾನೆ? ಅವನ ಸುಳ್ಳು ಹೆಸರು ಕಟ್ಟಿಕೊಳ್ಳಲು ನಿನ್ನ ನಿಜವಾದ ಹೆಸರು ಬಿಚ್ಚಿ ಇಡುತ್ತೀಯಾ?

ನಮಗೆ ಈ ಹೆಸರು ಯಾರೋ ದಾನ ಕೊಟ್ಟದ್ದಲ್ಲ. ನಮ್ಮ ಮುತ್ತಜ್ಜನ ಮನೆ ಊರಿನ ಕೊನೆಯ ಮನೆ. ಅದರ ಹಿತ್ತಲ ಗೋಡೆ ದಾಟಿದರೆ ಅಡವಿ. ದನ ಕಳೆದರೆ, ಹುಡುಗರು ಕಾಣದಿದ್ದರೆ, ಊರವರು ಕಂದೀಲು ಹಿಡಿದು ಬಂದು ನಮ್ಮ ಬಾಗಿಲು ಬಡಿಯುತ್ತಿದ್ದರು. ದಾರಿ ಗೊತ್ತಿದ್ದದ್ದು ನಮ್ಮವರಿಗೆ. ಅದಕ್ಕೆ ಅಡವಿಯವರು. ಈಗ ಅಲ್ಲಿ ಮರವೂ ಇಲ್ಲ, ಗೋಡೆಯೂ ಇಲ್ಲ, ಕಬ್ಬಿನ ಗದ್ದೆ ಇದೆ. ಉಳಿದದ್ದು ಹೆಸರು ಮಾತ್ರ.

ಇಲ್ಲಿ ನಮ್ಮ ಎದುರಿಗೆ ಹೊಸ ಅಪಾರ್ಟ್‌ಮೆಂಟ್ ಎದ್ದಿದೆ. ಹೆಸರು ಗ್ರೀನ್‌ವುಡ್. ಇದ್ದ ಎರಡು ಹೊಂಗೆ ಮರ ಕಡಿದು ಕಟ್ಟಿ, ಮೇಲೆ ಹಸಿರು ದೀಪದಲ್ಲಿ ಬರೆಸಿದ್ದಾರೆ. ಅರ್ಥ ಏನು ಎಂದು ವಾಚ್‌ಮನ್ನನ್ನು ಕೇಳಿದರೆ "ಹಸಿರು ಕಾಡು ಅಮ್ಮ" ಎಂದ. ಅಡವಿ ಇಲ್ಲದವರು ಅಡವಿ ಹೆಸರಿಗೆ ದೀಪ ಹಾಕಿಸುತ್ತಾರೆ. ಹುಟ್ಟಿನಿಂದ ಇದ್ದವಳು ನೀನು ಆರಿಸುತ್ತೀಯ.

ಮದುವೆ ನಿಲ್ಲಿಸು. ಅವನ ಫೋಟೋ ಕಳಿಸು. ಮೊದಲು ಫೋಟೋ.

ಪಾರವ್ವ ಹೊಸಮನಿ


ಶೆಫೀಲ್ಡ್
೨೯ ಮಾರ್ಚ್ ೨೦೨೫

ಅತ್ತಿ,

ಮದುವೆ ಆಯಿತು. ಹೋದ ಶನಿವಾರ. ಫೋಟೋ ಇಟ್ಟಿದ್ದೇನೆ. ಅದನ್ನು ನೋಡಿ ಆಮೇಲೆ ಮುಂದಕ್ಕೆ ಓದು.

ನೋಡಿದೆಯಾ? ಕೆಂಪು ಕೂದಲು, ಮೂಗಿನ ಮೇಲೆಲ್ಲ ಚುಕ್ಕೆ. ಡ್ಯಾನಿ ಗುಜರಾತದವನಲ್ಲ. ಇಂಗ್ಲಿಷರವನು. ಅವನ ಅಪ್ಪ, ಅಜ್ಜ, ಎಲ್ಲರೂ ಇದೇ ಸೀಮೆಯವರು. ಶಾ ಎನ್ನುವ ಅಡ್ಡಹೆಸರು ಇವರಲ್ಲೂ ಇದೆ. ಇಂಗ್ಲಿಷಿನಲ್ಲಿ ಬರೆಯುವ ರೀತಿ ಬೇರೆ. ಕನ್ನಡದಲ್ಲಿ ಬರೆದರೆ ಇವರೂ ಶಾ, ಅವರೂ ಶಾ. ನೀನು ತಪ್ಪು ತಿಳಿದದ್ದು ನಿನ್ನ ಮೊದಲನೇ ಕಾಗದದಲ್ಲೇ ನನಗೆ ಗೊತ್ತಾಯಿತು. ತಿದ್ದಲಿಲ್ಲ. ಬಿಳಿಯವನು ಎಂದು ಹೇಳುವುದಕ್ಕಿಂತ ಗುಜರಾತದವನು ಎಂದು ನೀನೇ ಅಂದುಕೊಂಡಿದ್ದು ನನಗೆ ಅನುಕೂಲವಾಗಿ ಕಂಡಿತು. ಅವನು ಮೋಸಗಾರನಲ್ಲ. ಈ ವಿಷಯದಲ್ಲಿ ಮೋಸ ಮಾಡಿದವಳು ನಾನು.

ಈಗ ನಿನಗೆ ಸಮಾಧಾನ ಆಗುವ ಮಾತು ಒಂದಿದೆ. ಶಾ ಎಂದರೆ ಏನು ಗೊತ್ತಾ? ಹಳೆಯ ಇಂಗ್ಲಿಷಿನಲ್ಲಿ ಸಣ್ಣ ಅಡವಿ. ಹೊಲದ ಅಂಚಿಗೆ ಉಳಿದಿರುವ ಮರಗಳ ಗುಂಪು. ಅದರ ಪಕ್ಕದಲ್ಲಿ ಮನೆ ಮಾಡಿದವರಿಗೆ ಊರವರು ಶಾ ಎಂದರು. ನಮ್ಮ ಮುತ್ತಜ್ಜನ ಮನೆಯ ಕಥೆಯೇ! ಡ್ಯಾನಿ ಇದನ್ನು ಹೇಳಿದಾಗ ನಾನು ಕುಣಿದಾಡಿದೆ.

ಇವರಲ್ಲಿ ಅಂಥ ಹೆಸರು ಎಷ್ಟಿವೆ ಅಂದರೆ, ನನ್ನ ವಾರ್ಡನ್ನು ಈಗ ಬೇರೆಯೇ ಕಣ್ಣಿನಿಂದ ನೋಡುತ್ತಿದ್ದೇನೆ. ಹರ್ಸ್ಟ್ ಎನ್ನುವ ಅಜ್ಜಿ ಇದ್ದಾರೆ. ಹರ್ಸ್ಟ್ ಎಂದರೆ ಮರ ತುಂಬಿದ ಗುಡ್ಡ. ಹೋಲ್ಟ್ ಎಂದರೆ ಬರೀ ಅಡವಿ. ಅಟ್‌ವುಡ್ ಎಂದರೆ ಅಡವಿಯ ಹತ್ತಿರದವನು. ಅಂಡರ್‌ವುಡ್ ಎಂದರೆ ಅಡವಿಯ ಕೆಳಗಿನ ಮನೆಯವನು. ವುಡ್‌ವರ್ಡ್ ಅಡವಿ ಕಾಯುತ್ತಿದ್ದವನು. ಲೀ ಎಂದರೆ ಅಡವಿಯ ನಡುವೆ ಮರ ಕಡಿದು ಮಾಡಿದ ಬಯಲು. ನಿಮ್ಮ ಎದುರಿನ ಗ್ರೀನ್‌ವುಡ್ ಕೂಡ ಇಲ್ಲಿ ಮನುಷ್ಯರ ಅಡ್ಡಹೆಸರು. ನಮ್ಮ ಆಸ್ಪತ್ರೆಯ ಅಡಿಗೆ ಮನೆಯಲ್ಲಿ ಒಬ್ಬ ಗ್ರೀನ್‌ವುಡ್ ಇದ್ದಾನೆ.

ಹಾಗಾಗಿ ನಾನು ಹೆಸರು ಬಿಟ್ಟಿಲ್ಲ ಅತ್ತಿ. ಅದೇ ಹೆಸರನ್ನು ಬೇರೆ ಭಾಷೆಯಲ್ಲಿ ಇಟ್ಟುಕೊಂಡಿದ್ದೇನೆ. ಈಗಲಾದರೂ ನಗು.

ನಿನ್ನ,
ಅನ್ನಪೂರ್ಣ ಶಾ


ಹೊಸಮನಿ ಖಾನಾವಳಿ
೨೦ ಏಪ್ರಿಲ್ ೨೦೨೫

ಅನ್ನಪೂರ್ಣಾ,

ನಗಲಿಲ್ಲ.

ನಿನ್ನ ಮಾತು ನಂಬಿ ಪಾತ್ರೆ ಅಂಗಡಿಗೆ ಹೋಗಿ, ಮಾನವಂತ ಮನುಷ್ಯನ ಎದುರು ನಿಂತು, ನಿಮ್ಮ ಜಾತಿಯ ಮೋಸಗಾರನನ್ನು ಹುಡುಕಿ ಕೊಡಿ ಎಂದೆನಲ್ಲ, ಆ ಅವಮಾನ ನಿನಗೆ ಅನುಕೂಲವಾಗಿತ್ತು. ಫೋಟೋ ತೆಗೆದುಕೊಂಡು ಹೋಗಿ ಅವರಿಗೆ ತೋರಿಸಿ ಕ್ಷಮೆ ಕೇಳಿ ಬಂದೆ. ಅವರು ಹೊಟ್ಟೆ ಹಿಡಿದು ನಕ್ಕರು. "ಇರಲಿ ಬಿಡಿ ಅಮ್ಮ, ಕನ್ನಡದಲ್ಲಾದ್ರೂ ನಮ್ಮವನೇ ಆದ" ಎಂದರು. ಈ ಸಲ ಚಹಾ ಕುಡಿದೆ. ತಪ್ಪು ನಮ್ಮದು.

ಅವನು ಬಿಳಿಯವನೋ ಕರಿಯವನೋ, ನೀನು ನೋಡಿಕೊಳ್ಳಬೇಕಾದ ವಿಷಯ. ಕಣ್ಣು ಒಳ್ಳೆಯದಿದೆ. ಮೈಗೆ ಬಿಸಿಲು ಬೇಕು. ಅದು ಬಿಡು.

ನಿನ್ನ ಸಣ್ಣ ಅಡವಿ, ದೊಡ್ಡ ಅಡವಿಯ ಪಾಠ ಎರಡು ಸಲ ಓದಿದೆ. ನಾನು ಶಾಲೆ ಬೇಗ ಬಿಟ್ಟವಳು. ಆದರೆ ತಲೆ ಬಿಟ್ಟವಳಲ್ಲ. ಅರ್ಥ ಒಂದೇ ಆದರೆ ಹೆಸರು ಒಂದೇ ಆಗುತ್ತದೆಯೇ? ಹಾಗಾದರೆ ನಾಳೆಯಿಂದ ಲಕ್ಕವ್ವನನ್ನು ಲಕ್ಷ್ಮೀ ಮೇಡಂ ಎಂದು ಕೂಗುತ್ತೇನೆ. ಅವಳು ತಿರುಗಿ ನೋಡುತ್ತಾಳಾ? ನಮ್ಮೂರಲ್ಲಿ ಬೇವಿನಗಿಡದವರು ಇದ್ದರು, ಹುಣಸಿಗಿಡದವರು ಇದ್ದರು, ಬನ್ನಿಗಿಡದವರು ಇದ್ದರು. ಎಲ್ಲವೂ ಗಿಡವೇ. ಒಬ್ಬರ ಹೆಸರು ಇನ್ನೊಬ್ಬರಿಗೆ ಹಾಕಿ ನೋಡು, ಕೊಡಲಿ ಹಿಡಿದು ಬರುತ್ತಿದ್ದರು.

ಇನ್ನೊಂದು ಹೇಳುತ್ತೇನೆ, ಸರಿಯಾಗಿ ಕೇಳು. ಆ ಹೋಲ್ಟ್, ಆ ಅಟ್‌ವುಡ್, ಆ ಗುಡ್ಡದ ಅಜ್ಜಿ, ಇವರ ಅಡವಿಗಳು ಈಗ ಇವೆಯಾ? ನಮ್ಮದರ ಹಾಗೇ ಎಂದೋ ಹೋಗಿರಬೇಕು. ಅಡವಿ ಹೋದರೂ, ಊರು ಬಿಟ್ಟರೂ, ಆಸ್ಪತ್ರೆಯ ಮಂಚದ ಮೇಲೆ ಮಲಗಿದರೂ ಅವರು ಹೆಸರು ಬಿಟ್ಟಿಲ್ಲ. ಅದಕ್ಕೇ ನಿನ್ನ ಗಂಡನಿಗೆ ತನ್ನ ಹೆಸರಿನ ಅರ್ಥ ಇಷ್ಟು ಚೆನ್ನಾಗಿ ಹೇಳಲು ಬಂತು. ನೀನು ಆ ಹೆಸರಿನ ಕಥೆ ಕೇಳಿ ಕುಣಿದೆ, ನಿನ್ನ ಹೆಸರಿನ ಕಥೆ ಮುಗಿಸಿ ಬಂದೆ.

ಮೊದಲನೇ ಕಾಗದದಲ್ಲಿ ಕೇಳಿದ್ದಕ್ಕೆ ನೀನು ಇನ್ನೂ ಉತ್ತರ ಕೊಟ್ಟಿಲ್ಲ. ರೂಢಿ ಎಂದು ಜಾರಿಕೊಂಡೆ. ರೂಢಿಗೆ ಬಾಯಿ ಇರುವುದಿಲ್ಲ. ಬಿಡು ಎಂದು ಬಾಯಿಬಿಟ್ಟು ಹೇಳಿದವರು ಯಾರು?

ಪಾರವ್ವ ಹೊಸಮನಿ


ಶೆಫೀಲ್ಡ್
೧೮ ಮೇ ೨೦೨೫

ಅತ್ತಿಯವರಿಗೆ,

ಯಾರೂ ಹೇಳಲಿಲ್ಲ. ಡ್ಯಾನಿ ಬೇಡ ಎಂದ. "ನಿನ್ನ ಹೆಸರು ಚೆನ್ನಾಗಿದೆ, ಯಾಕೆ ಬಿಡುತ್ತೀಯ" ಎಂದ. ಅವನ ತಾಯಿಯೂ ಹಾಗೆಯೇ ಅಂದರು. ಬಿಟ್ಟವಳು ನಾನು. ನಿಮಗೆ ಬೇಕಾಗಿದ್ದ ಉತ್ತರ ಇದೇ ಆದರೆ, ತೆಗೆದುಕೊಳ್ಳಿ.

ಯಾಕೆ ಎಂದೂ ಹೇಳುತ್ತೇನೆ. ಬೆಂಗಳೂರಿಗೆ ಬಂದಾಗ ಕಾಲೇಜಿನಲ್ಲಿ "ಇನಿಷಿಯಲ್ ಏನಮ್ಮಾ?" ಎಂದು ಕೇಳಿದರು. ಅಡ್ಡಹೆಸರು ಎಂದರೆ ಅವರಿಗೆ ಅರ್ಥ ಆಗಲಿಲ್ಲ. ಅಡವಿಯನ್ನು ಒಂದು ಅಕ್ಷರಕ್ಕೆ ಇಳಿಸಿ 'ಅನ್ನಪೂರ್ಣ ಎ' ಎಂದು ಬರೆದುಕೊಂಡರು. ಪೂರ್ತಿ ಹೆಸರು ಗೊತ್ತಾದ ಹುಡುಗಿಯರು "ಏ ಕಾಡುಪಾಪ, ಬಾರೇ" ಎನ್ನುತ್ತಿದ್ದರು. ಇಲ್ಲಿ ಬಂದ ಮೇಲೆ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಎಲ್ಲರಿಗೂ ಮೊದಲ ಅಕ್ಷರ, ಹಿಂದೆ ಅಡ್ಡಹೆಸರು. ಅಡವಿ ಎಂದು ಇಂಗ್ಲಿಷಿನಲ್ಲಿ ಇದ್ದದ್ದನ್ನು ಅವರು ಒಡೆದು ಓದಿದರು. ಎ, ಆಮೇಲೆ ಡೇವಿ. ಬಂದ ದಿನದಿಂದ ನಾನು ಸಿಸ್ಟರ್ ಡೇವಿ. ಮೊದಮೊದಲು ತಿದ್ದಿದೆ. ಆಮೇಲೆ ಸುಸ್ತಾಯಿತು. ಬೆಂಗಳೂರಿನವರು ಎ ಇಟ್ಟುಕೊಂಡು ಉಳಿದದ್ದನ್ನು ಬಿಸಾಡಿದರು, ಇಲ್ಲಿಯವರು ಎ ಬಿಸಾಡಿ ಉಳಿದದ್ದನ್ನು ಇಟ್ಟುಕೊಂಡರು. ನಾನು ಬಿಡುವ ಹೊತ್ತಿಗೆ ನನ್ನ ಕೈಯಲ್ಲಿ ಹೆಸರು ಇರಲೇ ಇಲ್ಲ. ಶಾ ಎಂದರೆ ಯಾರೂ ಎರಡನೇ ಸಲ ಕೇಳುವುದಿಲ್ಲ. ಆ ನೆಮ್ಮದಿ ನನಗೆ ಬೇಕಾಗಿತ್ತು.

ಇನ್ನು ನಾನೂ ಒಂದು ಕೇಳುತ್ತೇನೆ. ನೀವು ಪ್ರತಿ ಕಾಗದದ ಕೊನೆಗೆ ಏನು ಬರೆಯುತ್ತೀರಿ, ಓದಿ ನೋಡಿಕೊಂಡಿದ್ದೀರಾ? ಪಾರವ್ವ ಹೊಸಮನಿ. ಬೋರ್ಡಿನ ಮೇಲೆ ಹೊಸಮನಿ, ಗ್ಯಾಸ್ ಪುಸ್ತಕದಲ್ಲಿ ಹೊಸಮನಿ, ಆಧಾರ್ ಕಾರ್ಡಿನಲ್ಲಿ ಹೊಸಮನಿ. ನೀವು ಹುಟ್ಟಿದ್ದೂ ಅದೇ ಕೊನೆಯ ಮನೆಯಲ್ಲಿ. ಮಾಮ ತೀರಿಹೋಗಿ ಇಷ್ಟು ವರ್ಷವಾದರೂ ನೀವು ಆ ಹೆಸರನ್ನು ಹಿಂದಕ್ಕೆ ತರಲಿಲ್ಲ. ನೀವು ಬಿಟ್ಟಾಗ ಅಡವಿಗೆ ಏನೂ ಆಗಲಿಲ್ಲ, ನಾನು ಬಿಟ್ಟರೆ ಬೆಂಕಿ ಬೀಳುತ್ತದೆ. ಇದು ಯಾವ ನ್ಯಾಯ?

ಅನ್ನಪೂರ್ಣ


ಶೆಫೀಲ್ಡ್
೨೦ ಜುಲೈ ೨೦೨೫

ಅತ್ತಿ,

ಎರಡು ತಿಂಗಳಾಯಿತು, ಕಾಗದ ಇಲ್ಲ. ಲಕ್ಕವ್ವನ ಫೋನಿಗೆ ಮಾಡಿದೆ. "ಅಕ್ಕಾರು ಅದಾರ, ರೊಟ್ಟಿ ಬಡೀತಾರ, ಮಾತ್ರ ಯಾರಿಗೂ ಬೈವಲ್ಲರು" ಎಂದಳು. ನೀನು ಬೈಯುತ್ತಿಲ್ಲ ಎಂದು ಕೇಳಿ ನನಗೆ ಹೆದರಿಕೆಯಾಗಿದೆ. ಏನಾದರೂ ಬರೆ. ಬೈದು ಬರೆ.

ಅನ್ನಪೂರ್ಣ


ಬಿಟಿಎಂ ಲೇಔಟ್
೧೪ ಸೆಪ್ಟೆಂಬರ್ ೨೦೨೫

ಅನ್ನಪೂರ್ಣಾ,

ಬದುಕಿದ್ದೇನೆ. ನಿನ್ನ ಮೇ ತಿಂಗಳ ಕಾಗದದಲ್ಲಿ ನನಗೆ ಮೊದಲು ಚುಚ್ಚಿದ್ದು ಹೊಸಮನಿ ಅಲ್ಲ. 'ಅತ್ತಿಯವರಿಗೆ', 'ನೀವು'. ನಿನ್ನ ಹೇನು ತೆಗೆದವಳು ನಾನು. ನಾನು ಯಾವಾಗ 'ನೀವು' ಆದೆ? ಜುಲೈ ಕಾಗದದಲ್ಲಿ ಮತ್ತೆ 'ನೀನು' ಎಂದೆ. ಬಚಾವಾದೆ. ಇಲ್ಲದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಈಗ ನ್ಯಾಯದ ಮಾತು.

ನಾನು ಐದನೇ ಇಯತ್ತೆ. ನಮ್ಮ ಮಾಸ್ತರರು ದಿನಾ ಹಾಜರಿ ಕೂಗುತ್ತಿದ್ದರು. "ಪಾರವ್ವ ಅಡವಿ!" ನಾನು ಎದ್ದು ನಿಂತು "ಹಾಜರ್ ರೀ" ಎನ್ನುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ಅನ್ನುತ್ತಿದ್ದೆ, ಅದಕ್ಕೆ ಪೆಟ್ಟೂ ತಿಂದಿದ್ದೇನೆ. ಒಂದು ದಿನ ಮನೆಗೆ ಬಂದರೆ ಚಪ್ಪರ ಹಾಕಿತ್ತು. ಯಾರ ಮದುವೆ ಎಂದು ಕೇಳಿದೆ. ನನ್ನದೇ.

ಮದುವೆಯಲ್ಲಿ ಒಡಪು ಹೇಳಿಸುತ್ತಾರಲ್ಲ, ಗಂಡನ ಹೆಸರನ್ನು ಪದ ಕಟ್ಟಿ ಹೇಳುವುದು. ಹೆಂಗಸರೆಲ್ಲ ಸುತ್ತ ಕೂತು "ಹೇಳ, ಹೇಳ" ಎಂದು ತಿವಿದರು. ನಾನೇ ಕಟ್ಟಿಕೊಂಡಿದ್ದೆ: "ಬೆಳ್ಳಿ ಬಟ್ಟಲದಾಗ ಕಾಸಿದ ಹಾಲ ನೀಡತೀನಿ, ನೀಲಕಂಠಪ್ಪನ ಹೆಸರ ಪಾರವ್ವ ಅಡವಿ ಹೇಳತೀನಿ." ಶಾಲೆಯ ರೂಢಿ, ಬಾಯಿಗೆ ಹಾಗೇ ಬಂತು. ಹೆಂಗಸರು ಬಿದ್ದು ಬಿದ್ದು ನಕ್ಕರು. ನಮ್ಮ ಅತ್ತಿ, ನಿನ್ನ ಮಾಮನ ತಾಯಿ, ನಗಲಿಲ್ಲ. "ಅಡವಿ ಬಿಟ್ಟು ಮನಿಗೆ ಬಂದೀದಿ. ಇನ್ನೊಮ್ಮೆ ಅಡವಿ ಅಂದ್ರ ನಾಲಿಗಿಗೆ ಬರಿ ಎಳೀತೀನಿ" ಎಂದರು. ಅವರಿಗೆ ಅದು ಚೇಷ್ಟೆಯ ಮಾತೂ ಹೌದು, ಬೆದರಿಕೆಯೂ ಹೌದು. ಆಮೇಲೆ ನನ್ನನ್ನು ಆ ಹೆಸರಿನಿಂದ ಯಾರೂ ಕೂಗಲಿಲ್ಲ. ಮಾಸ್ತರರು ಎಷ್ಟು ದಿನ ಕೂಗಿ ಬಿಟ್ಟರೋ ಗೊತ್ತಿಲ್ಲ.

ನಾನು ಬಿಟ್ಟೆ ಎಂದು ಬರೆದಿದ್ದೀಯ. ನಾನು ಬಿಡಲಿಲ್ಲ. ಕಿತ್ತುಕೊಂಡರು. ನನ್ನನ್ನು ಯಾರೂ ಕೇಳಲಿಲ್ಲ ಅನ್ನಪೂರ್ಣಾ. ನಿನ್ನನ್ನು ಕೇಳಿದರು. ಗಂಡ ಕೇಳಿದ, ಅವನ ತಾಯಿ ಕೇಳಿದಳು, ಇಟ್ಟುಕೋ ಎಂದರು. ಅಂಥ ಮಾತು ಕೇಳಿಸಿಕೊಳ್ಳಲು ನಾನು ಏನು ಬೇಕಾದರೂ ಕೊಡುತ್ತಿದ್ದೆ. ನನಗೆ ಬಂದ ಸಿಟ್ಟೆಲ್ಲ ಇಷ್ಟೇ.

ಆದರೆ ನಿನ್ನ ಕೊನೆಯ ಮಾತು ಸರಿ. ನಿನ್ನ ಮಾಮ ಸತ್ತ ಮೇಲೆ ನನ್ನ ನಾಲಿಗೆಗೆ ಬರೆ ಎಳೆಯುವವರು ಯಾರೂ ಇರಲಿಲ್ಲ. ಆದರೂ ತರಲಿಲ್ಲ. ನೀನು ಇದ್ದೀಯಲ್ಲ, ಅಡವಿ ನಿನ್ನ ಹತ್ತಿರ ಜೋಪಾನವಾಗಿ ಇದೆ ಎಂದುಕೊಂಡೆ. ನನ್ನ ಹೊರೆಯನ್ನು ಹುಡುಗಿಯ ತಲೆಯ ಮೇಲಿಟ್ಟು, ಅವಳು ಇಳಿಸಿದರೆ ಬೈದೆ. ಇದನ್ನು ಎರಡು ಸಲ ಓದಬೇಡ. ಒಂದೇ ಸಲ ಸಾಕು.

ಬೋರ್ಡ್ ಬದಲಿಸಿದ್ದೇನೆ. ಇಲ್ಲೇ ಸ್ಟಿಕ್ಕರ್ ಬೋರ್ಡ್ ಮಾಡುವ ಸೀನು ಎಂಬುವವನಿಗೆ 'ಅಡವಿ ಖಾನಾವಳಿ' ಎಂದು ಬರೆದುಕೊಟ್ಟೆ. ಮಾಡಿ ತಂದ. ನೋಡಿದರೆ 'ಅಡಿಗೆ ಖಾನಾವಳಿ'.

"ಇದೇನೋ?"

"ನೀವು ತಪ್ಪು ಬರ್ದಿದ್ರಿ ಆಂಟಿ, ನಾನೇ ಸರಿ ಮಾಡ್ದೆ."

"ತಪ್ಪಲ್ಲೋ ಮಂಗ್ಯಾ, ಅಡವಿ! ಅದು ನನ್ನ ಹೆಸರ!"

"ಅಡವಿ ಅಂದ್ರೆ ಕಾಡಲ್ವಾ? ಊಟದ ಹೋಟ್ಲಿಗೆ ಯಾರಾದ್ರೂ ಕಾಡು ಅಂತ ಇಡ್ತಾರಾ ಆಂಟಿ?"

"ಎದುರಿಗೆ ಆ ಬಿಲ್ಡಿಂಗಿಗೆ ಇಟ್ಟಿಲ್ಲೇನೋ? ಆವಾಗ ಕೇಳಿದ್ಯಾ?"

ಎರಡನೇ ಸಲ ಹೆಸರು ಸರಿಯಾಗಿ ಮಾಡಿದ, ಜೊತೆಗೆ ಕೇಳದೆಯೇ ಒಂದು ಹುಲಿ ಮತ್ತು ಜಲಪಾತ ಹಾಕಿಕೊಂಡು ಬಂದ. ಹುಲಿ ತೆಗೆಸಿದೆ. ಈಗ ಬರೀ ಅಕ್ಷರ. ಆದರೂ ಬಂದವರೆಲ್ಲ "ಅಕ್ಕಾ, ಕಾಡುಕೋಳಿ ಇದ್ಯಾ?" ಎಂದು ಕೇಳುತ್ತಾರೆ. ಸೋಮವಾರ ಉಪವಾಸ ಮಾಡುವ ನನ್ನ ಖಾನಾವಳಿಯಲ್ಲಿ ಕಾಡುಕೋಳಿ! ಲಕ್ಕವ್ವನ ಖುಷಿ ನೋಡಬೇಕು, ನನಗೆ ದಿನಾ ಬೈಯಲು ಜನ ಸಿಗುತ್ತಿದ್ದಾರೆ ಎಂದು.

ಆಧಾರ್ ಕಾರ್ಡಿನದೂ ಕೊಟ್ಟು ಬಂದೆ. ಕೂತಿದ್ದ ಹುಡುಗಿ "ಈ ವಯಸ್ಸಲ್ಲಿ ಯಾಕೆ ಅಜ್ಜಿ?" ಎಂದಳು. "ಆ ವಯಸ್ಸಿನಾಗ ಯಾರೂ ಕೇಳಲಿಲ್ಲವಾ, ಅದಕ್ಕ" ಎಂದೆ. ಅವಳಿಗೆ ತಿಳಿಯಲಿಲ್ಲ. ಮಾಡಿಕೊಟ್ಟರೆ ಸಾಕು, ತಿಳಿಯಬೇಕಾಗಿಲ್ಲ.

ಇನ್ನು ಮೇಲೆ ಅಡವಿಯವರಲ್ಲಿ ಕೊನೆಯವಳು ನೀನಲ್ಲ. ನಾನಿದ್ದೇನೆ. ನೀನು ಶಾ ಎಂದು ಬರೆದುಕೋ, ಡೇವಿ ಎಂದು ಬರೆದುಕೋ. ನಿನ್ನ ಗಂಡನಿಗೆ ಮಾತ್ರ ಒಂದು ಶಿಕ್ಷೆ ಇದೆ. ನಮ್ಮಲ್ಲಿ ಗಂಡನೂ ಒಡಪು ಹೇಳಬೇಕು. ನಿನ್ನ ಹೆಸರನ್ನು ಪದ ಕಟ್ಟಿ, ಕನ್ನಡದಲ್ಲಿ. ಹೇಳದೆ ನನ್ನ ಹೊಸಿಲು ದಾಟಲು ಬಿಡುವುದಿಲ್ಲ.

ಪಾರವ್ವ ಅಡವಿ


ಅಡವಿ ಖಾನಾವಳಿ
೯ ನವೆಂಬರ್ ೨೦೨೫

ಅನ್ನಪೂರ್ಣಾ,

ನಿನ್ನ ಪಾರ್ಸೆಲ್ ಬಂತು, ಜಗಳ ಆಡಿಸಿಕೊಂಡೇ ಬಂತು.

ಮಧ್ಯಾಹ್ನದ ಊಟದ ಗದ್ದಲ. ನಾನು ಒಳಗೆ ಒಲೆಯ ಮುಂದೆ. ಹೊರಗೆ ಪೋಸ್ಟ್‌ಮನ್ ಲಕ್ಕವ್ವನ ಹತ್ತಿರ ಹೇಳುತ್ತಿದ್ದದ್ದು ಕೇಳಿಸಿತು. "ಅಡವಿ ಅನ್ನೋರು ಇಲ್ಲಿಲ್ಲ ಕಣಮ್ಮ. ಇಲ್ಲಿರೋದು ಹೊಸಮನಿ ಅಜ್ಜಿ. ನಂಗೊತ್ತಿಲ್ವಾ, ಹತ್ತು ವರ್ಷದಿಂದ ಇದೇ ರೋಡಿಗೆ ಬರ್ತಿದೀನಿ. ವಾಪಸ್ ಕಳಿಸ್ತೀನಿ."

ಲಕ್ಕವ್ವ ಪಲ್ಯದ ಸೌಟು ಹಿಡಿದು ನಿಂತಿದ್ದಾಳೆ. ಆ ಮನುಷ್ಯ ಬೋರ್ಡಿನ ಕೆಳಗೇ ನಿಂತಿದ್ದಾನೆ, ತಲೆ ಎತ್ತಿ ನೋಡಲಿಲ್ಲ. ಕೊನೆಗೆ ನಿಯಮಕ್ಕೆ ಎಂಬಂತೆ ಒಳಗೆ ಮುಖ ಹಾಕಿ ಒಮ್ಮೆ ಕೂಗಿದ. "ಪಾರವ್ವ ಅಡವಿ ಯಾರ್ರೀ?"

ನನಗೆ ಗೊತ್ತಾಗದ ಹಾಗೆ ಎದ್ದು ನಿಂತುಬಿಟ್ಟೆ. ಮಂಡಿ ನೋವು ಆಮೇಲೆ ನೆನಪಾಯಿತು. "ಹಾಜರ್ ರೀ!" ಎಂದೆ. ಖಾನಾವಳಿಯವರೆಲ್ಲ ರೊಟ್ಟಿ ಬಿಟ್ಟು ನನ್ನನ್ನೇ ನೋಡಿದರು. ಒಬ್ಬ ನಕ್ಕ. ಅವನಿಗೆ ಎರಡನೇ ಸಲ ಪಲ್ಯ ಹಾಕಲಿಲ್ಲ.

ಆಮೇಲೆ ಪೋಸ್ಟ್‌ಮನ್‌ಗೆ ಬೋರ್ಡ್ ತೋರಿಸಿ, ಓದಿಸಿ, ಇನ್ನು ಮುಂದೆ ಹೊಸಮನಿ ಎಂದು ಬಂದರೂ ಕೊಡು, ಅಡವಿ ಎಂದು ಬಂದರೂ ಕೊಡು, ವಾಪಸ್ ಎಂದರೆ ಮಾತ್ರ ಸೈಕಲ್ ಬಿಡುವುದಿಲ್ಲ ಎಂದೆ. "ನಂದು ಬೈಕ್ ಅಜ್ಜಿ" ಎಂದ. ಬೈಕೂ ಬಿಡುವುದಿಲ್ಲ ಎಂದೆ.

ಸ್ವೆಟರ್ ದೊಡ್ಡದಾಗಿದೆ. ನನ್ನನ್ನು ಏನು ಎಮ್ಮೆ ಎಂದುಕೊಂಡಿದ್ದೀಯಾ? ಹಾಕಿಕೊಂಡಿದ್ದೇನೆ.

ನಿನ್ನ ಗಂಡನ ಒಡಪು ಓದಿದೆ. ಅಕ್ಷರ ಕೋಳಿ ಕೆದರಿದ ಹಾಗಿದೆ. ನೀನು ಹೇಳಿಕೊಟ್ಟದ್ದು ಎಂದು ಗೊತ್ತಾಗುತ್ತದೆ, ಆದರೆ ಬರೆದದ್ದು ಅವನೇ ಎಂದೂ ಗೊತ್ತಾಗುತ್ತದೆ. "ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಕರಗೇತಿ, ಅಡವಿ ಅನ್ನಪೂರ್ಣಾನ ಕಂಡು ಅತ್ತಿ ಹಿಟ್ಟು ಇಳದೇತಿ." ಸಿಟ್ಟು ಎಂದು ಬರೆಯುವ ಕಡೆ ಹಿಟ್ಟು ಎಂದು ಬರೆದಿದ್ದಾನೆ. ಅವನಿಗೆ ಹೇಳು: ಹಿಟ್ಟು ದಿನಾ ಇಳಿಯುತ್ತದೆ, ಡಬ್ಬಿ ತುಂಬಿಸುತ್ತಲೇ ಇರುತ್ತೇನೆ. ಸಿಟ್ಟು ಇಳಿದಿಲ್ಲ. ಕಾಗದವನ್ನು ಮಾತ್ರ ಒಲೆಗೆ ಹಾಕಿಲ್ಲ. ಒಲೆಯ ಮೇಲಿನ ಗೋಡೆಗೆ ಅಂಟಿಸಿದ್ದೇನೆ.

ಪಾರ್ಸೆಲ್‌ನ ಹಿಂದುಗಡೆ ಕಳಿಸಿದವರ ಹೆಸರು ಇತ್ತು. ಅನ್ನಪೂರ್ಣ ಎನ್ನುವವರೆಗೆ ಓದಿ, ಮುಂದಿನದರ ಮೇಲೆ ಹೆಬ್ಬೆರಳು ಇಟ್ಟೆ. ಲಕ್ಕವ್ವ ಓದಲು ಬಗ್ಗಿದಳು, ಅವಳನ್ನೂ ಓಡಿಸಿದೆ. ಪಾರ್ಸೆಲ್ ಸುತ್ತಿದ್ದ ಆ ಕಾಗದ ಹರಿದು ಒಲೆಗೆ ಹಾಕಿದೆ. ನೋಡಲಿಲ್ಲ.

ಬೇಸಿಗೆಗೆ ಇಬ್ಬರೂ ಬನ್ನಿ. ಬೋರ್ಡಿನ ಕೆಳಗೆ ನಿಲ್ಲಿ. ನಾನು ಒಳಗಿನಿಂದ ಅನ್ನಪೂರ್ಣ ಎಂದು ಹಾಜರಿ ಕೂಗುತ್ತೇನೆ. ಅದರ ಮುಂದಿನದನ್ನು ನೀನೇ ಕೂಗು. ಏನು ಕೂಗಿದರೂ ರೊಟ್ಟಿ ಇದೆ.

ಜೋರಾಗಿ ಕೂಗು, ನನಗೆ ಈಗ ಕಿವಿ ಸ್ವಲ್ಪ ಮಂದ.

ಪಾರವ್ವ ಅಡವಿ